ಮೂವತ್ತೊಂದನೆಯ ಚಿತ್ರ

ಗೇಟಿಗೆ ಹಾಕುವ ಎಂಟು ಚಕ್ರ, ಎರಡು ಕಬ್ಬಿಣದ ಹಳಿ,
ಸಿದ್ದಾಪುರದ ಮೊಯ್ದು ಬೆಸೆದುಕೊಟ್ಟ ಚೌಕಟ್ಟು, ಮೇಲೆ ಹತ್ತು ತಗಡು.
‘ಮಾಡು ಸರಿಯುವ ಮನೆಯಾ ಮೇಡಂ? ಮಳೆ ಬಂದರೆ?’
ಮುಚ್ಚುತ್ತೇನೆ, ಅಂದೆ.
‘ಮತ್ತೆ ತೆರೆಯುವುದು ಯಾವಾಗ?’ ಅಂದ.
ಕೊಡಗಿನವನಲ್ಲವೆ.

ಜೂನಿನಿಂದ ಅಕ್ಟೋಬರಿನವರೆಗೆ ನನ್ನ ವೀಕ್ಷಣಾಲಯವೆಂದರೆ
ಗಾಳಿಯಾಡದ ಡಬ್ಬದಲ್ಲಿ ಮಲಗಿದ ಎರಡು ಲೆನ್ಸು,
ವಾರಕ್ಕೊಮ್ಮೆ ಬಾಣಲೆಯಲ್ಲಿ ಬೆಚ್ಚಗಾಗುವ ಸಿಲಿಕಾ ಜೆಲ್ಲು,
ಕನ್ನಡಿಯಂಚಿನಲ್ಲಿ ಮೆಲ್ಲಗೆ ಬೇರಿಳಿಸುವ ಬೂಷ್ಟು.
ಒಂದು ವರ್ಷ ಅದರದೇ ಫೋಟೋ ತೆಗೆದು ನೋಡಿದೆ,
ಯಾವ ನೀಹಾರಿಕೆಗೂ ಕಡಿಮೆಯಿರಲಿಲ್ಲ.

ಧ್ರುವ ನಮ್ಮಲ್ಲಿ ತೀರ ತಗ್ಗು.
ಕೈ ಚಾಚಿ ಮುಷ್ಟಿ ಹಿಡಿದರೆ ಅದಕ್ಕಿಂತ ತುಸು ಮೇಲೆ, ಅಷ್ಟೆ.
ಸರಿಯಾಗಿ ಅಲ್ಲೇ ಒಂದು ಸಿಲ್ವರ್ ಓಕು, ಅದರ ಮೈತುಂಬ ಮೆಣಸಿನ ಬಳ್ಳಿ.
ಮೆಣಸು ಕೊಯ್ಯಲು ಏಣಿ ಹತ್ತಿದ ತೋಲನಿಗೆ ಕೆಳಗಿನಿಂದ ಕೂಗಿದೆ:
ಬಲಗಡೆಯ ಆ ಕೊಂಬೆ ತೆಗಿ.
‘ಯಾಕೆ?’
ಅದರ ಹಿಂದೆ ಒಂದು ನಕ್ಷತ್ರ ಇದೆ.
ಹಾಡುಹಗಲು.
ಒಮ್ಮೆ ಆಕಾಶ ನೋಡಿದ, ಒಮ್ಮೆ ನನ್ನ,
ಕತ್ತಿ ಬೀಸಿದ.

ಹಗಲು ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ತಟ್ಟೆಯ ಮೇಲೆ ಕಾಫಿಬೀಜ ಹರಡಿ
ಕರಿದು, ಒಡಕು, ಹುಳ ಕೊರೆದದ್ದು ಆರಿಸುವುದು ನನ್ನ ಕೆಲಸ.
ರಾತ್ರಿಯೂ ಅದೇ. ನಾಲ್ಕು ನಿಮಿಷಕ್ಕೊಂದು ಚಿತ್ರ;
ಮೋಡ ತಾಗಿದ್ದು, ವಿಮಾನ ಗೀಚಿದ್ದು, ಇಬ್ಬನಿ ಕುಡಿದದ್ದು
ಆರಿಸಿ ಎಸೆಯಬೇಕು.
ಉಳಿದದ್ದನ್ನು ಒಂದರ ಮೇಲೊಂದು ಪೇರಿಸಿದರೆ
ಕತ್ತಲೆಯ ತಳದಿಂದ ನಿಧಾನ ಕೆಂಪು ಏಳುತ್ತದೆ.

ಪುತ್ತರಿಗೆ ರೋಹಿಣಿ ಬೇಕು, ತುಂಬಿದ ಚಂದ್ರನೂ ಬೇಕು.
ಊರೆಲ್ಲ ಆ ಹೊತ್ತಿಗೆ ಕಾದು ಕದಿರು ತೆಗೆದು ಕೋವಿ ಹಾರಿಸುತ್ತದೆ.
ಬೆಳದಿಂಗಳಲ್ಲಿ ರೋಹಿಣಿಯನ್ನು ಹುಡುಕಿದವರು ಯಾರೋ, ಕಂಡವರು ಯಾರೋ.
ನಾನು ಕಾಯುವುದು ಅದರಾಚೆಯ ಅಮಾವಾಸ್ಯೆಗೆ.
ಅದಕ್ಕೆ ಹಬ್ಬವಿಲ್ಲ.

ಪಕ್ಕದ ತೋಟದ ಪಳಂಗಪ್ಪನ ಹೋಂಸ್ಟೇಗೆ ನಾಲ್ಕು ಫ್ಲಡ್‌ಲೈಟು.
‘ಆನೆ ಬರುತ್ತೆ ಕಣಮ್ಮ, ಬೆಳಕು ಇರಲೇಬೇಕು.’
ಎರಡು ಬಾಟಲಿ ಜೇನು, ಮೂರು ಸಲದ ಮಾತು.
ಕೊನೆಗೆ ಒಪ್ಪಿದ: ಒಂದೇ ರಾತ್ರಿ, ಹನ್ನೊಂದರಿಂದ ಮೂರು.
‘ಆನೆ ಬಂದರೆ ಫೋನು ಮಾಡುವುದು ನಿನ್ನ ಜವಾಬ್ದಾರಿ.’

ಮಹಾವ್ಯಾಧನ ಸೊಂಟದ ಕೆಳಗೆ ಒಂದು ಕುದುರೆತಲೆ ಇದೆ,
ಕೆಂಪು ಹೊಗೆಗೆ ಅಡ್ಡ ನಿಂತ ಕರಿ ಧೂಳು.
ಅದನ್ನು ಹಿಡಿಯಲು ಕೂತೆ. ಮೂವತ್ತು ಚಿತ್ರ ಮುಗಿದವು.
ಲ್ಯಾಪ್‌ಟಾಪಿನಲ್ಲಿ ನೆಟ್ಟಗೆ ಹರಿಯುತ್ತಿದ್ದ ಗೆರೆ
ತಟ್ಟನೆ ಎದ್ದು ಕೂತಿತು.
ಗಾಳಿಯಿಲ್ಲ.
ಮತ್ತೆ ಎದ್ದಿತು. ಮತ್ತೊಮ್ಮೆ.
ತುಸು ಬಿಟ್ಟು ಇನ್ನೊಮ್ಮೆ.
ನಾಲ್ಕಡಿ ಆಳಕ್ಕೆ ಕಾಂಕ್ರೀಟ್ ಸುರಿದು ನಿಲ್ಲಿಸಿದ ಕಂಬ
ನೆಲದ ಮಾತು ಕೇಳುತ್ತಿತ್ತು.
ಆಮೇಲೆ, ಹತ್ತಿರದಲ್ಲೇ, ಬೈನೆ ಮರ ಸಿಗಿದ ಸದ್ದು.

ಫೋನು ಕೈಯಲ್ಲಿತ್ತು. ಇನ್ನೆರಡು ನಿಮಿಷ ಕೊಟ್ಟರೆ ಚಿತ್ರ ಪೂರ್ತಿ.
ಕೊಟ್ಟೆ. ಅದನ್ನು ಪಳಂಗಪ್ಪನಿಗೆ ಈವರೆಗೆ ಹೇಳಿಲ್ಲ.
ಆಮೇಲೆ ಪಿಸುಗುಟ್ಟಿದೆ.
ನಾಲ್ಕು ಸೂರ್ಯ ಒಟ್ಟಿಗೆ ಹುಟ್ಟಿದರು, ಆಕಾಶ ಹಾಲಾಯಿತು.

ಮೂವತ್ತನ್ನು ಪೇರಿಸಿದೆ. ಕುದುರೆ ಬಂತು,
ಮಸುಕಾಗಿ, ಕತ್ತು ಬಾಗಿಸಿ, ಸಾಲದು.
ಮೂವತ್ತೊಂದನೆಯದನ್ನು ಎಸೆಯಲಾಗಲಿಲ್ಲ:
ಒಂದೊಂದು ನಕ್ಷತ್ರಕ್ಕೂ ಒಂದೊಂದು ಕೊಂಡಿ.
ನೂರಾರು ವರ್ಷ ಎಲ್ಲೂ ತಡವರಿಸದೆ ಬಂದ ಬೆಳಕು
ನನ್ನ ಹಿತ್ತಲಿಗೆ ಬಂದಾಗ ಎಡವಿತ್ತು.

ಪಳಂಗಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.
‘ಒಂಟಿಯಾ, ಹಿಂಡಾ?’ ಅಂದ.
ಮತ್ತೆ ಎಣಿಸಿದೆ.
ನಾಲ್ಕೇ ಹೆಜ್ಜೆ ಬಿದ್ದಿವೆ, ಅಂದೆ.
ಒಂದು ಆನೆಗೆ ಸಾಕಾಗುವಷ್ಟು.